ಪುಕಾಕಿ ಕೆರೆಲಿ ಬೆಟ್ಟದ ನೆರಳು ಬೀಳಲ್ಲ ಅಂದ್ರು, ಐದನೇ ಸಲಕ್ಕೆ ಬಿತ್ತು

"ಲೋ ಮಾರಾಯ, ನೀರಲ್ಲಿ ಬೆಟ್ಟ ಕಾಣ್ಬೇಕು ಅಂದ್ರೆ ಆಚೆ ಪಕ್ಕ ಲೇಕ್ ಮ್ಯಾಥಿಸನ್‌ಗೆ ಹೋಗು, ಪುಕಾಕಿ ಮೂವತ್ತು ಕಿಲೋಮೀಟರ್ ಉದ್ದದ ಕೆರೆ, ಅದು ಯಾವತ್ತು ಸುಮ್ನೆ ನಿಂತಿರತ್ತೆ?" ಇದು ಇಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿರೋ ನನ್ನ ಗೆಳೆಯ ಹೇಳಿದ್ದು. ನಾವು ನಾಲ್ಕೈದು ಜನ ಕನ್ನಡದವರು ಫೋಟೋ ಹುಚ್ಚು ಹಿಡಿಸ್ಕೊಂಡಿದ್ದೀವಿ, ಅವರಲ್ಲಿ ಒಬ್ಬರೂ ನನ್ನ ಮಾತು ನಂಬ್ಲಿಲ್ಲ. ಪುಕಾಕಿ ದಕ್ಷಿಣದ ದಡದಲ್ಲಿ ನಿಂತು, ಚಳಿಗಾಲದಲ್ಲಿ, ಔರಾಕಿ (ಮೌಂಟ್ ಕುಕ್, ಇಲ್ಲಿಯ ಅತಿ ಎತ್ತರದ ಬೆಟ್ಟ) ಪೂರ್ತಿ ನೀರಲ್ಲಿ ತಲೆಕೆಳಗಾಗಿ ಕಾಣೋ (ನೆರಳು ಅಂದ್ರೆ ಈ ಪ್ರತಿಬಿಂಬನೇ) ಫೋಟೋ ತೆಗೀತೀನಿ ಅಂದಿದ್ದೆ. ತೆಗೆದೂ ಬಿಟ್ಟೆ. ಆದ್ರೆ ಎರಡು ಚಳಿಗಾಲ, ಐದು ಟ್ರಿಪ್, ಸುಮಾರು ಎರಡು ಸಾವಿರ ಡಾಲರ್ ಹೋಯ್ತು, ಅದನ್ನೂ ಹೇಳ್ಬೇಕಲ್ಲ.

ಮೊದಲನೇ ಟ್ರಿಪ್ಪು ಎಲ್ಲರೂ ಮಾಡೋ ತಪ್ಪೇ. ಜೂನ್ ತಿಂಗಳು, ಇಲ್ಲಿ ಚಳಿಗಾಲ, ರಾತ್ರಿ ಎರಡೂವರೆಗೆ ಮನೆ ಬಿಟ್ಟೆ, ಜೆರಲ್ಡೀನ್, ಫೇರ್ಲಿ ದಾಟಿ ಬರ್ಕ್ಸ್ ಪಾಸ್ ಹತ್ತೋ ಹೊತ್ತಿಗೆ ರಸ್ತೆ ಮೇಲೆ ಹೆಡ್‌ಲೈಟ್ ಬಿದ್ರೆ ಕನ್ನಡಿ ಥರ ಹೊಳೀತಾ ಇತ್ತು, ನಾನು ಮಳೆ ಬಂದಿರಬೇಕು ಅಂದ್ಕೊಂಡೆ, ಬ್ರೇಕ್ ಮುಟ್ಟಿದ್ಮೇಲೆ ಗೊತ್ತಾಯ್ತು ಬ್ಲ್ಯಾಕ್ ಐಸ್, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಅಂತ. ದೇವ್ರು ದೊಡ್ಡೋನು, ಎದುರಿಂದ ಯಾರೂ ಬರ್ಲಿಲ್ಲ. ಆಮೇಲಿಂದ ರಾತ್ರಿ ಡ್ರೈವ್ ಬಿಟ್ಟೆ, ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಕೆರೆ ಹತ್ರದ ಊರು ಟ್ವೈಝಲ್‌ನಲ್ಲಿ ಮೋಟೆಲ್ ಹಿಡಿಯೋದು, ಆಗ 150ರಿಂದ 170 ಡಾಲರ್ ಆಗ್ತಿತ್ತು, ಪ್ರಾಣಕ್ಕಿಂತ ಕಮ್ಮಿ. ಸರಿ, ಅವತ್ತು ಹೋಗಿ ಸೇರಿದಾಗ ವಾಯವ್ಯದ ಗಾಳಿ, ಇಲ್ಲಿಯವರು ನಾರ್ವೆಸ್ಟರ್ ಅಂತಾರಲ್ಲ ಅದು, ಕೆರೆಲಿ ಸಮುದ್ರದ ಥರ ಅಲೆ. 24 ಎಂಎಂ ವೈಡ್ ಆಂಗಲ್ ಲೆನ್ಸ್‌ನಲ್ಲಿ ತೆಗೆದ ಫೋಟೋ ಮನೆಲಿ ತೆಗೆದು ನೋಡಿದ್ರೆ ನೀಲಿ ನೀರು, ನೀಲಿ ಆಕಾಶ, ಮಧ್ಯೆ ಒಂದು ಅಕ್ಕಿ ಕಾಳು. ಆ ಅಕ್ಕಿ ಕಾಳೇ 3724 ಮೀಟರ್ ಬೆಟ್ಟ.

ಅಲ್ಲೇ ಮೊದಲು ಬುದ್ಧಿ ಬಂದಿದ್ದು. ದಕ್ಷಿಣದ ದಡದಿಂದ ಬೆಟ್ಟ ಹೆಚ್ಚು ಕಮ್ಮಿ 65 ಕಿಲೋಮೀಟರ್ ದೂರ, ಕೆರೆ ಮಟ್ಟದಿಂದ ಮೇಲೆ ಅದು ಕಾಣೋದು ಮೂರು ಡಿಗ್ರಿನೂ ಇಲ್ಲ. ಬೆಟ್ಟ ಮತ್ತೆ ಅದರ ನೆರಳು ಎರಡೂ ಸೇರಿ ಐದೂವರೆ ಡಿಗ್ರಿ ಅಷ್ಟೆ, ಅಂದ್ರೆ ಫುಲ್ ಫ್ರೇಮ್ ಕ್ಯಾಮೆರಾಗೆ 200 ಎಂಎಂ ಟೆಲಿ ಲೆನ್ಸ್ (ದೂರದ್ದನ್ನ ಹತ್ರ ತೋರಿಸೋದು) ಹಾಕಿದ್ರೆ ಮೇಲೆ ಕೆಳಗೆ ಚೂರು ಜಾಗ ಬಿಟ್ಟು ಅಳತೆ ಹೊಲಿದಂಗೆ ಕೂರತ್ತೆ. ವೈಡ್ ಆಂಗಲ್ ಮನೇಲಿಡಿ. ಸೆಕೆಂಡ್ ಹ್ಯಾಂಡ್ 70-200 ಎಫ್ 4 ಲೆನ್ಸ್ ತಗೊಂಡೆ, ಒಂಬೈನೂರು ಚಿಲ್ರೆ ಕೊಟ್ಟಿದ್ದು. ಆ ದುಡ್ಡು ಮೇಲಿನ ಎರಡು ಸಾವಿರದಲ್ಲಿ ಸೇರಿಲ್ಲ, ಮನೆಯವಳಿಗೂ ಬೇರೆ ಲೆಕ್ಕದಲ್ಲಿ ತೋರಿಸಿದ್ದೀನಿ.

ಎರಡನೇ ಸಲ ವೆದರ್ ಮ್ಯಾಪ್ ನೋಡಿ, ದೊಡ್ಡ ಹೈ ಪ್ರೆಶರ್ ಬಂದು ಕೂತಿದೆ, ಗಾಳಿ ಸೊನ್ನೆ ಅಂತ ಕುಣ್ಕೊಂಡು ಹೋದೆ. ಗಾಳಿ ಸೊನ್ನೆನೇ ಇತ್ತು. ಜೊತೆಗೆ ಮಂಜು. ಕೆರೆ ಇರೋ ಮೆಕೆಂಝಿ ಬೇಸಿನ್ ಒಂದು ಬಟ್ಟಲು, ಚಳಿಗಾಲದಲ್ಲಿ ಗಾಳಿ ಇಲ್ದೇ ಇದ್ರೆ ತಣ್ಣನೆ ಗಾಳಿ ತಳದಲ್ಲಿ ಕೂತು ಮೇಲೆ ಮುಚ್ಚಳ ಹಾಕಿದಂಗೆ ಮಂಜು ನಿಲ್ಲತ್ತೆ. ಎರಡು ದಿನ ಎದುರುಗಡೆ ಕಾರ್ ಬರ್ತಿದ್ದದ್ದೂ ಕಾಣ್ಲಿಲ್ಲ. ಆದ್ರೆ ಹೋರ್ ಫ್ರಾಸ್ಟ್ ಅಂತ ಇದೆಯಲ್ಲ, ಮುಳ್ಳುತಂತಿ ಮೇಲೆ ಎರಡು ಇಂಚು ಬಿಳಿ ಸೂಜಿ ಬೆಳೆದಿತ್ತು, ವಿಲೋ ಮರಗಳಂತೂ ಗಣಪತಿ ಹಬ್ಬಕ್ಕೆ ಹತ್ತಿ ಅಂಟಿಸಿದಂಗೆ. ಒಂದು ಮಧ್ಯಾಹ್ನ ಪೂರ್ತಿ ತಂತಿ ಬೇಲಿ ಫೋಟೋ ತೆಗೆದೆ, ನಿಜ ಹೇಳ್ಬೇಕು ಅಂದ್ರೆ ಗೋಡೆ ಮೇಲೆ ಹಾಕೋ ಹಂಗೆ ಬಂದಿದ್ದು ಅದೇ. ಬೇಜಾರಾಗಿ ಸ್ಟೇಟ್ ಹೈವೇ 80ರಲ್ಲಿ ಮೌಂಟ್ ಕುಕ್ ಹಳ್ಳಿ ಕಡೆ ಹೋದ್ರೆ ಗ್ಲೆಂಟ್ಯಾನರ್ ಹತ್ರ ಪರದೆ ಎಳೆದಂಗೆ ಬಿಸಿಲು, ಬೆಟ್ಟ ಕಣ್ಣೆದುರೇ ನಿಂತಿದೆ! ಆದ್ರೆ ಕೆರೆ ಹಿಂದೆ ಉಳೀತು. ಕೆರೆ ಇದ್ರೆ ಬೆಟ್ಟ ಇಲ್ಲ, ಬೆಟ್ಟ ಇದ್ರೆ ಕೆರೆ ಇಲ್ಲ. ಹಂಗಾಗಿ ಪಕ್ಕಾ ಹೈ ಪ್ರೆಶರ್ ನಂಬ್ಬೇಡಿ. ದಕ್ಷಿಣದಿಂದ ಹಿಮ ತರೋ ತಣ್ಣನೆ ಗಾಳಿಯ ಫ್ರಂಟ್ ಹೋದ ಮೇಲೆ, ಮಂಜು ಕೂರೋಕೆ ಮುಂಚೆ, ಒಂದು ಬೆಳಿಗ್ಗೆ ಸಿಗತ್ತೆ. ಯಾವ ಬೆಳಿಗ್ಗೆ ಅಂತ ಹೆಂಗೆ ಹಿಡಿಯೋದು ಅನ್ನೋದನ್ನ ನಾನು ಹೇಳಲ್ಲ, ಮ್ಯಾಪಲ್ಲೇ ಇದೆ, ಹುಡುಕಿ.

ಮೂರನೇ ಸಲದ ಕಥೆ ನಗಬೇಡಿ. ಕೆರೆ ಅಲ್ಲಾಡಿದ್ರೆ ಏನಂತೆ, ನಾನೇ ನೀರು ಇಟ್ಕೋತೀನಿ ಅಂತ ಓವನ್ ಒಳಗೆ ಇಡೋ ಕಪ್ಪು ಟ್ರೇ ಎತ್ಕೊಂಡು ಹೋದೆ. ಲೆನ್ಸ್ ಕೆಳಗೆ ಟ್ರೇ ಇಟ್ಟು ನೀರು ಹಾಕಿದ್ರೆ ನೆರಳು ಬರತ್ತೆ, ಮನೆ ಹಿತ್ತಿಲಲ್ಲಿ ಟೆಸ್ಟ್ ಮಾಡಿದ್ದೆ. ಅಲ್ಲಿ ಮೈನಸ್ ಏಳು. ಫೋಕಸ್ ಸರಿ ಮಾಡಿ ತಿರುಗೋಷ್ಟರಲ್ಲಿ ಟ್ರೇ ಅಂಚಲ್ಲಿ ಗರಿ ಗರಿ ಐಸ್, ಐದು ನಿಮಿಷಕ್ಕೆ ಮೇಲೆಲ್ಲ ಕೆನೆ ಕಟ್ಟಿದಂಗೆ. ಉಪ್ಪು ಹಾಕಿದ್ರೆ ಗಟ್ಟಿ ಆಗಲ್ಲ ಅಂತ ಟ್ವೈಝಲ್ ಅಂಗಡಿಯಿಂದ ಉಪ್ಪು ತಂದು ಹಾಕಿದೆ, ಐಸ್ ಏನೋ ಆಗ್ಲಿಲ್ಲ, ಫೋಟೋ ಮಾತ್ರ ಟ್ರೇಲಿ ತೆಗೆದಂಗೇ ಕಾಣ್ತಿತ್ತು. ವಾಪಸ್ ಬರುವಾಗ ನೆರಳಿದ್ದ ಒಂದು ತಿರುವಿನಲ್ಲಿ ಕಾರ್ ಜಾರಿ ಚರಂಡಿಗೆ ಇಳೀತು. ಜಾರದಿರ್ಲಿ ಅಂತ ರಸ್ತೆಗೆ ಗ್ರಿಟ್, ಅಂದ್ರೆ ಸಣ್ಣ ಜಲ್ಲಿ, ಹಾಕಿದ್ರು, ಆದ್ರೆ ನಾನಿದ್ದ ಸ್ಪೀಡಿಗೆ ಗ್ರಿಟ್ ಏನ್ ಮಾಡತ್ತೆ. ಎಳೆಯೋ ಗಾಡಿಯವನು ಬಂದು ಮೂರೂವರೆ ನೂರು ತಗೊಂಡ. 120 ಕೊಟ್ಟು ತಗೊಂಡಿದ್ದ ಚಕ್ರಕ್ಕೆ ಹಾಕೋ ಚೈನ್ ಡಿಕ್ಕಿಲಿ ಪ್ಯಾಕ್ ಒಡೀದೇ ಮಲಗಿತ್ತು. ಮನೆಗೆ ಬಂದ್ರೆ ಅವಳು ಕೇಳಿದ್ದು ಒಂದೇ, "ರೀ, ನನ್ನ ಟ್ರೇ ಎಲ್ಲಿ?"

ಟ್ರೇ ವೇಸ್ಟ್ ಆಗ್ಲಿಲ್ಲ ಆದ್ರೆ. ಅದನ್ನ ಇಟ್ಟು ಆಡ್ತಿದ್ದಾಗ ಒಂದು ವಿಷಯ ತಲೆಗೆ ಹೋಯ್ತು: ನೆರಳು ಬೀಳೋಕೆ ಅಷ್ಟು ಚಿಕ್ಕ ನೀರು ಸಾಕು. ಹಂಗಾದ್ರೆ ಕೆರೆಲಿ ಎಷ್ಟು ನೀರು ಸುಮ್ನೆ ಇರ್ಬೇಕು? ಬೆಟ್ಟದ ಎತ್ತರ ಕೆರೆಯಿಂದ ಸುಮಾರು 3200 ಮೀಟರ್, ದೂರ 65 ಸಾವಿರ ಮೀಟರ್, ಅಂದ್ರೆ ಇಪ್ಪತ್ತಕ್ಕೆ ಒಂದು. ಹೈಸ್ಕೂಲ್ ಕನ್ನಡಿ ಲೆಕ್ಕನೇ. ಕ್ಯಾಮೆರಾ ನೀರಿಂದ ಎಷ್ಟು ಎತ್ತರ ಇದೆಯೋ ಅದರ ಇಪ್ಪತ್ತರಷ್ಟು ದೂರದಲ್ಲಿರೋ ನೀರಲ್ಲಿ ತುದಿ ಕಾಣತ್ತೆ. ನಿಂತ್ಕೊಂಡು ತೆಗೆದ್ರೆ 30 ಮೀಟರ್ ಆಚೆಯ ನೀರು, ಅಲ್ಲಿ ಅಲೆ ಇರತ್ತೆ. ಟ್ರೈಪಾಡ್ ಕಾಲು ಅಗಲಿಸಿ ಕ್ಯಾಮೆರಾನ ಮೊಣಕಾಲಿಗಿಂತ ಕೆಳಗೆ, 40 ಸೆಂಟಿಮೀಟರ್‌ಗೆ ತಂದ್ರೆ ಬರೀ 8 ಮೀಟರ್! ಬೆಟ್ಟದ ಅರ್ಧಕ್ಕೆ 16 ಮೀಟರ್. ಬುಡದ ನೆರಳು ಇನ್ನೂ ದೂರದ ನೀರಲ್ಲಿ ಬೀಳತ್ತೆ, ಅದು ಕಲಸಿದಂಗೆ ಆಗತ್ತೆ, ಆಗ್ಲಿ ಬಿಡಿ. ಮೂವತ್ತು ಕಿಲೋಮೀಟರ್ ಕೆರೆ ಶಾಂತ ಆಗ್ಬೇಕಿಲ್ಲ, ನಮ್ಮೂರ ಮನೆ ಅಂಗಳದಷ್ಟು ನೀರು ಶಾಂತ ಇದ್ರೆ ಸಾಕು. ಇದನ್ನ ಗೆಳೆಯನಿಗೆ ಹೇಳಿದ್ರೆ, "ಎಂತ ಕಥೆ ಹೇಳ್ತೀಯ, ಪೇಪರ್ ಮೇಲೆ ಎಲ್ಲಾ ಸರಿ ಇರತ್ತೆ" ಅಂದ.

ಅಂಗಳದಷ್ಟು ನೀರು ಎಲ್ಲಿ ಸಿಗತ್ತೆ? ಇಲ್ಲಿ ನಾನು ಸಾಗರದವನಾಗಿದ್ದು ಕೆಲಸಕ್ಕೆ ಬಂತು. ಪುಕಾಕಿ ಹಿಮನದಿ ಮಾಡಿದ ಕೆರೆನೇ, ಆದ್ರೆ ಕರೆಂಟ್‌ಗೋಸ್ಕರ ಅಣೆಕಟ್ಟು ಹಾಕಿ ಎರಡು ಸಲ ನೀರು ಏರಿಸಿದಾರೆ. ಚಳಿಗಾಲದಲ್ಲಿ ಮೇಲೆ ಎಲ್ಲಾ ಹಿಮವಾಗಿ ನಿಂತಿರತ್ತೆ, ಒಳಹರಿವು ಕಮ್ಮಿ, ಜನ ಹೀಟರ್ ಹಾಕೋದು ಜಾಸ್ತಿ, ನೀರು ಇಳೀತಾ ಬರತ್ತೆ. ಲಿಂಗನಮಕ್ಕಿ ಹಿನ್ನೀರು ಏಪ್ರಿಲ್‌ನಲ್ಲಿ ನೋಡಿದವರಿಗೆ ಗೊತ್ತು, ನೀರು ಇಳಿದ ಮೇಲೆ ದಡದಲ್ಲಿ ದಿಣ್ಣೆ, ದಿಣ್ಣೆ ಹಿಂದೆ ಕೊರಕಲು, ಕೊರಕಲಲ್ಲಿ ಅಲ್ಲಾಡದ ನೀರು. ಇಲ್ಲೂ ಅದೇ, ಮಣ್ಣಿನ ಬದಲು ಬೆಣಚುಕಲ್ಲು. ಪಾರ್ಕಿಂಗ್ ಹತ್ರ ಎಲ್ಲರೂ ನಿಲ್ಲೋ ಜಾಗ ಬಿಟ್ಟು ದಡದಲ್ಲಿ ಎರಡು ದಿನ ನಡೆದೆ, ಕಲ್ಲಿನ ನಾಲಿಗೆಯೊಂದು ಅಡ್ಡ ಬಂದು ಅಲೆ ತಡೆಯೋ ಒಂದು ಜಾಗ ಸಿಕ್ತು. ಎಲ್ಲಿ ಅಂತ ಕೇಳ್ಬೇಡಿ.

ನಾಲ್ಕನೇ ಸಲ ಎಲ್ಲಾ ಸರಿ ಇತ್ತು, ಫೋಟೋ ಬರ್ಲಿಲ್ಲ. ಜುಲೈನಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಎಂಟು ಗಂಟೆ ಸುಮಾರಿಗೆ, ಗುಲಾಬಿ ಬಣ್ಣ ಬಂತು, ನೀರು ನಿಂತಿತ್ತು, ನಾನು ಹೊಟ್ಟೆ ಮೇಲೆ ಮಲಗಿ ಹೊಡೆದಿದ್ದೇ ಹೊಡೆದಿದ್ದು. ಸ್ಕ್ರೀನ್ ಮೇಲೆ ದೊಡ್ಡದು ಮಾಡಿದ್ರೆ ಬೆಟ್ಟದ ಅಂಚೆಲ್ಲ ಕುದಿಯೋ ಎಣ್ಣೆ ಮೇಲೆ ನೋಡಿದಂಗೆ. ನೀರು ಏಳೆಂಟು ಡಿಗ್ರಿ, ಗಾಳಿ ಮೈನಸ್ ಆರು, ಕೆರೆಯಿಂದ ಬಿಸಿ ಮೇಲೇಳ್ತಾ ಇತ್ತು, ಟೆಲಿ ಲೆನ್ಸ್‌ನ ನೀರಿನ ಹತ್ರ ಇಟ್ರೆ ಅದೆಲ್ಲ ಒಳಗೆ. ಲೆನ್ಸ್ ಕೆಟ್ಟಿದೆ ಅಂತ ಒಂದು ವಾರ ಮಾರಿದವನನ್ನ ಬೈದೆ, ಪಾಪ. ಪೋಲರೈಸರ್ ಫಿಲ್ಟರ್ ಹಾಕಿದ್ದು ಇನ್ನೊಂದು ದಡ್ಡತನ: ಬೆಳಕು ಮಾತ್ರ ತಿಂತು.

ಐದನೇ ಸಲ ಗುಲಾಬಿ ಬಣ್ಣದ ಆಸೆ ಬಿಟ್ಟೆ. ಬಂದಿದ್ದ ನಾಲ್ಕೈದು ಟ್ರೈಪಾಡ್‌ನವರು ಎಂಟೂವರೆಗೆ ಗಂಟು ಕಟ್ಟಿ ಕಾಫಿಗೆ ಹೋದ್ರು, ನಾನು ಕಾರಲ್ಲಿ ಕೂತು ಚಪಾತಿ ಮಿಡಿ ಉಪ್ಪಿನಕಾಯಿ ತಿಂದೆ, ಫ್ಲಾಸ್ಕ್ ಕಾಫಿ ಕುಡ್ದೆ, ಹೀಟರ್ ಹಾಕ್ಲಿಲ್ಲ, ಕ್ಯಾಮೆರಾ ಬೆವರತ್ತೆ ಅಂತ. ಬ್ಯಾಟರಿ ಮೂರನ್ನ ಬನಿಯನ್ ಒಳಗೆ ಇಟ್ಕೊಂಡಿದ್ದೆ. ರಾತ್ರಿ ಕಣಿವೆಯಿಂದ ಕೆಳಗೆ ಇಳಿಯೋ ತಣ್ಣನೆ ಗಾಳಿ ಒಂಬತ್ತೂವರೆ ಹೊತ್ತಿಗೆ ಸುಸ್ತಾಗತ್ತೆ, ಹಗಲಿನ ಗಾಳಿ ಮೇಲಕ್ಕೆ ಹತ್ತೋಕೆ ಇನ್ನೂ ಶುರುವಾಗಿರಲ್ಲ. ಆ ಮಧ್ಯದ ಹೊತ್ತು, ಅವತ್ತು ನನಗೆ ಸಿಕ್ಕಿದ್ದು ಹತ್ತರ ಹತ್ರ, ಇಪ್ಪತ್ತೈದು ನಿಮಿಷ ಇರ್ಬಹುದು. ಗಾಳಿ ಸೊನ್ನೆ ಡಿಗ್ರಿಗೆ ಬಂದಿತ್ತು, ಕುದಿಯೋದು ಕಮ್ಮಿ ಆಗಿತ್ತು. ನಮ್ಮೂರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದ್ರೆ ಇಲ್ಲಿ ಉತ್ತರಕ್ಕೆ, ಬೆಟ್ಟನೂ ನೇರ ಉತ್ತರಕ್ಕೆ, ಹಾಗಾಗಿ ಹತ್ತು ಗಂಟೆಗೆ ಸೂರ್ಯ ಬಲಗಡೆ ಮೂವತ್ತೈದು ನಲವತ್ತು ಡಿಗ್ರಿಲಿ ಕಣ್ಣಿಗೇ ಹೊಡೀತಾನೆ. ಎಲ್ಲರೂ ಬ್ಯಾಕ್‌ಲೈಟ್ ಅಂತ ಓಡಿಹೋಗೋದು ಅದಕ್ಕೇ. ಟೆಲಿ ಲೆನ್ಸ್, ಹುಡ್, ಮೇಲಿಂದ ನನ್ನ ಟೋಪಿ ಅಡ್ಡ ಹಿಡಿದೆ. ಪಕ್ಕದಿಂದ ಬಿದ್ದ ಬೆಳಕಿಗೆ ಹಿಮದ ಏಣು ಒಂದೊಂದೂ ಕೆತ್ತಿದಂಗೆ ಎದ್ದು ಬಂತು, ಗುಲಾಬಿ ಹೊತ್ತಲ್ಲಿ ಅದು ಬರೋದೇ ಇಲ್ಲ.

ಕ್ಯಾಮೆರಾ ಸೆಟ್ಟಿಂಗ್ ಎಫ್ 8, ಶಟರ್ ಸೆಕೆಂಡಿನ 1000ದಲ್ಲೊಂದು ಭಾಗಕ್ಕಿಂತ ವೇಗ, ಐಎಸ್‌ಒ 400 ಇರ್ಬೇಕು. ಫೋಕಸ್ ಬೆಟ್ಟದ ಮೇಲೇ, ನೀರಿನ ಮೇಲಲ್ಲ, ನೆರಳಿಗೂ ಬೆಟ್ಟದಷ್ಟೇ ದೂರ. ಕಾಲು ಬುಡದ ಕಲ್ಲು ಮಸುಕಾಗತ್ತೆ, ತಲೆ ಕೆಡಿಸ್ಕೋಬೇಡಿ. ಇನ್ನೂರು ಚಿಲ್ರೆ ಫ್ರೇಮ್ ಹೊಡೆದೆ, ಅಂಚು ನಡುಗದೆ ಇದ್ದದ್ದು ಒಂಬತ್ತು, ಅದರಲ್ಲಿ ನೆರಳಿನ ತುದಿ ಮುರೀದೇ ಇದ್ದದ್ದು ಎರಡು. ಎಡಿಟಿಂಗಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೀನಿ, ಅದು ಇನ್ನೊಂದ್ಸಲ. ನೀರಿನ ಬಣ್ಣ ಮಾತ್ರ ಮುಟ್ಟಿಲ್ಲ, ಹಿಮನದಿ ಕಲ್ಲು ಅರೆದ ಹುಡಿ ನೀರಲ್ಲಿ ತೇಲೋದ್ರಿಂದ ಅದು ಹಂಗೇ ಇರೋದು, ನಂಬದವರು ಹೋಗಿ ನೋಡ್ಕೊಂಡು ಬನ್ನಿ.

ಖರ್ಚು ನೆನಪಿದ್ದಷ್ಟು: ಒಂದು ಸಲಕ್ಕೆ ಹೋಗಿ ಬರೋದು 580 ಕಿಲೋಮೀಟರ್, ನನ್ನ ಹಳೇ ಸುಬಾರು ಐವತ್ತು ಲೀಟರ್ ಹತ್ರ ಕುಡಿಯತ್ತೆ, ಆಗಿನ ರೇಟಿಗೆ 130 ಡಾಲರ್. ಐದು ಟ್ರಿಪ್‌ಗೆ ಆರೂವರೆ ನೂರು. ಮೋಟೆಲ್ ಐದು ರಾತ್ರಿ, ಎಂಟುನೂರು. ಟೋ, ಚೈನ್, ಹೊಸ ಟ್ರೇ. ಪೆಟ್ರೋಲ್ ಟೇಕಪೋ ಅಥವಾ ಟ್ವೈಝಲ್‌ನಲ್ಲೇ ತುಂಬಿಸ್ಕೊಳ್ಳಿ. ಡ್ರೋನ್ ಆಸೆ ಇದ್ದವರು ನೆನಪಿಡಿ, ನ್ಯಾಷನಲ್ ಪಾರ್ಕ್ ಒಳಗೆ ಪರ್ಮಿಟ್ ಇಲ್ದೆ ಹಾರಿಸೋ ಹಂಗಿಲ್ಲ.

ಪ್ರಿಂಟ್ ನೋಡಿ ಗೆಳೆಯ ಮೊದಲು ಹೇಳಿದ್ದು "ಫೋಟೋಶಾಪ್" ಅಂತ. ರಾ ಫೈಲ್, ಅಂದ್ರೆ ಎಡಿಟ್ ಮಾಡದ ಮೂಲ ಫೈಲ್, ತೋರಿಸಿದ ಮೇಲೆ ಅರ್ಧ ಗಂಟೆ ಮಾತಾಡ್ಲಿಲ್ಲ. ಮೊನ್ನೆ ಮೆಲ್ಲಗೆ ಮೆಸೇಜ್ ಹಾಕ್ದ, ಜಾಗದ ಪಿನ್ ಕಳಿಸು ಮಾರಾಯ ಅಂತ. ಕಳಿಸಿದ್ದೀನಿ, ಕೆರೆ ದಡದ ಸಾಲ್ಮನ್ ಮೀನಿನ ಅಂಗಡಿ ಪಾರ್ಕಿಂಗಿದು. ಅವನೂ ನನ್ನಂಗೇ ಪುಳಿಚಾರು.