ಕ್ಯಾಟ್ಲಿಯಾ ಪೊರೆ ಹಳದಿಯಾದರೆ ಕಿತ್ತು ಹಾಕಬೇಡಿ

ಮೈಸೂರಲ್ಲಿ ಆರ್ಕಿಡ್ ಬೆಳೆಸುತ್ತಿರುವವರಿಗೆ ಒಂದು ಸಲಹೆ. ಕ್ಯಾಟ್ಲಿಯಾ ಗಿಡದಲ್ಲಿ ಎಲೆಯ ಬುಡದಿಂದ ಚಪ್ಪಟೆ ಹಸಿರು ಪೊರೆ ಬರುತ್ತದಲ್ವಾ, ಮೊಗ್ಗು ಬೆಳೆಯುವುದು ಅದರೊಳಗೇ. ಪೊರೆ ಒಣಗಿತು ಅಂತ ಸುಮ್ನೆ ಕೀಳಬೇಡಿ. ಕೆಲವು ತಳಿಗಳಲ್ಲಿ ಅದು ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ ಮೇಲೇ ಮೊಗ್ಗು ಏಳುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಮೊಗ್ಗಿದ್ದರೆ ಬುಡದಲ್ಲಿ ಕಪ್ಪು ನೆರಳು ಕಾಣುತ್ತದೆ.

ಮಳೆಗಾಲದಲ್ಲಿ ನಿಜವಾದ ಅಪಾಯ ಪೊರೆಯೊಳಗೆ ನಿಲ್ಲುವ ನೀರು. ಒಳಗಡೆ ಹನಿ ಕಟ್ಟಿದ್ದರೆ, ಅಥವಾ ಮೊಗ್ಗಿರುವಾಗಲೇ ಪೊರೆ ಹಳದಿಯಾಗುತ್ತಿದ್ದರೆ, ಮೊಗ್ಗಿಗೆ ತಾಗದಂತೆ ತುದಿ ಕತ್ತರಿಸಿ ಗಾಳಿಯಾಡಲು ಬಿಡಿ. ಇಲ್ಲದಿದ್ದರೆ ಮೊಗ್ಗು ಒಳಗೇ ಕಪ್ಪಾಗಿ ಕೊಳೆಯುತ್ತದೆ. ಕತ್ತರಿಯನ್ನು ಮೊದಲು ಬೆಂಕಿಗೆ ಹಿಡಿದು, ಆರಿದ ಮೇಲೆ ಬಳಸಿ. ವೈರಸ್ ಗಿಡದಿಂದ ಗಿಡಕ್ಕೆ ಹರಡುವುದು ಹೆಚ್ಚಾಗಿ ಕತ್ತರಿಯಿಂದಲೇ. ನೀರು ಬೆಳಿಗ್ಗೆಯೇ ಹಾಕಿ, ಬುಡಕ್ಕೆ ಮಾತ್ರ.

ಮೊಗ್ಗು ಹೊರಬಂದ ಮೇಲೆ ಕುಂಡ ತಿರುಗಿಸಬೇಡಿ, ಹೂವು ಸೊಟ್ಟಗಾಗುತ್ತದೆ. ಮನೆಯೊಳಗೆ ಇಟ್ಟಿದ್ದರೆ ಹಣ್ಣಾಗುತ್ತಿರುವ ರಸಬಾಳೆಯಿಂದ ದೂರವಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಅರಳದೆಯೇ ಉದುರಬಹುದು. ಮೊಗ್ಗಿನ ಮೇಲೆ ಜೇನಿನಂಥ ಅಂಟು ಹನಿ ಕಂಡರೆ ಗಾಬರಿ ಬೇಡ, ಗಿಡವೇ ಅದನ್ನು ಸ್ರವಿಸುತ್ತದೆ. ಇರುವೆ ಜಾಸ್ತಿಯಾದರೆ ಮಾತ್ರ ಪೊರೆಯ ಸಂದಿಯಲ್ಲಿ ಹಿಟ್ಟು ತಿಗಣೆ ಇದೆಯಾ ನೋಡಿ.