ಕಡಲ ದಡದ ಟ್ರಯಾಥ್ಲಾನ್: ಏರಿಗಲ್ಲ, ನೀರಿಗೆ ತಯಾರಾಗಿ

750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಂದರ ಹಿಂದೆ ಒಂದು. ಸ್ಪ್ರಿಂಟ್ ಟ್ರಯಾಥ್ಲಾನ್ ಅಂದರೆ ಇಷ್ಟೇ. 2000ರಿಂದ ಒಲಿಂಪಿಕ್ಸ್‌ನಲ್ಲಿರುವ ಸ್ಪರ್ಧೆಯ ಸರಿ ಅರ್ಧ. ಗುಡ್ಡಗಳಿರುವ ಕಡಲ ದಡದ ಊರಿನಲ್ಲಿ ಸ್ಪರ್ಧೆ ಅಂದ ತಕ್ಷಣ ನಮ್ಮ ಹುಬ್ಬಳ್ಳಿ-ಧಾರವಾಡದವರು ಏರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಏರು ನಮಗೇನು ಹೊಸದಾ? ಧಾರವಾಡದಲ್ಲಿ ಹಾಲು ತರಲು ಹೋದರೂ ಒಂದು ಏರು, ಒಂದು ಇಳಿಜಾರು. ಕೆಡುವುದು ನೀರಿನಲ್ಲಿ. ಈಜುಕೊಳದಲ್ಲಿ ಸಲೀಸಾಗಿ ಒಂದು ಕಿಲೋಮೀಟರ್ ಈಜುವವರೂ ಕಡಲಿಗಿಳಿದ ಸ್ವಲ್ಪ ಹೊತ್ತಿಗೇ ಏದುಸಿರು ಬಿಡುತ್ತಾ ದೋಣಿ ಹಿಡಿಯುವುದನ್ನು ನೋಡುತ್ತಲೇ ಇದ್ದೇನೆ.

ಹಂತ 1: ಕೊಳದಲ್ಲೇ ಕಡಲಿನ ಅಭ್ಯಾಸ

25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಸಲ ದಾಟುವುದು. ಆದರೆ ಪ್ರತಿ ಸಲ ಗೋಡೆ ಒದ್ದಾಗ ಅರೆಕ್ಷಣದ ವಿಶ್ರಾಂತಿ ಸಿಗುತ್ತದೆ. ಕಡಲಲ್ಲಿ ಗೋಡೆ ಇಲ್ಲ. ಹಾಗಾಗಿ ಗೋಡೆ ಮುಟ್ಟದೆ, ಸ್ವಲ್ಪ ಮೊದಲೇ ತಿರುಗಿ ಈಜಿ. ಮೂವರು ಗೆಳೆಯರು ಒಂದೇ ಸಾಲಿನಲ್ಲಿ ಬೇಕಂತಲೇ ಕೈಕಾಲು ತಾಗಿಸಿಕೊಂಡು ಈಜಿ. ಸ್ಪರ್ಧೆಯ ದಿನ ಯಾರದೋ ಕಾಲು ಮುಖಕ್ಕೆ ಬಡಿದರೆ ಗಾಬರಿಯಾಗುವುದಿಲ್ಲ. ಕೆರೆಯಲ್ಲಿ ಅಭ್ಯಾಸ ಮಾಡೋಣ ಅಂತ ಹುಬ್ಬಳ್ಳಿಯ ಉಣಕಲ್ ಕೆರೆಗೆ ಮಾತ್ರ ಇಳಿಯಬೇಡಿ. ಅದು ಈಜುವ ನೀರಲ್ಲ.

ಹಂತ 2: ಒಂದು ದಿನವಾದರೂ ಕಡಲಲ್ಲಿ

ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 130 ಕಿಲೋಮೀಟರ್. ಸ್ಪರ್ಧೆಗೆ ಮುಂಚೆ ಒಮ್ಮೆ ಕರಾವಳಿಗೆ ಹೋಗಿ, ಜೀವರಕ್ಷಕರಿರುವ ಕಡೆ, ದಡಕ್ಕೆ ಸಮಾನಾಂತರವಾಗಿ ಈಜಿ. ಒಬ್ಬರೇ ಬೇಡ. ಮಳೆಗಾಲದಲ್ಲಿ ಬೇಡವೇ ಬೇಡ.

ಹಂತ 3: ಮೊದಲ ನೂರು ಮೀಟರ್

ಎಲ್ಲರೂ ಎಡವುವ ಜಾಗ ಇದೇ. ಸೀಟಿ ಊದಿದ ಕೂಡಲೇ ಎಲ್ಲರೂ ಹುಚ್ಚೆದ್ದು ಓಡುತ್ತಾರೆ. ನೀವು ಹಿಂದೆ, ಒಂದು ಬದಿಗೆ ನಿಲ್ಲಿ. ಹತ್ತು ಸೆಕೆಂಡ್ ತಡವಾದರೆ ಏನೂ ಕಳೆದುಹೋಗುವುದಿಲ್ಲ. ಸೊಂಟದವರೆಗೆ ನೀರು ಬರುವ ತನಕ ನಡೆಯಿರಿ. ಅಲೆ ಮುರಿದು ಮೈಮೇಲೆ ಬಂದಾಗ ಎದೆ ಒಡ್ಡಬೇಡಿ, ಮೇಲಕ್ಕೆ ಜಿಗಿಯಲೂ ಬೇಡಿ. ಕೈ ಮುಂದೆ ಚಾಚಿ ಅದರ ಕೆಳಗೆ ತೂರಿ. ಅಲೆ ತಲೆ ಮೇಲಿಂದ ಹೋಗುತ್ತದೆ.

ಆಮೇಲೆ ಉಸಿರು. ಗಾಬರಿಯಾದವರು ಉಸಿರು ಎಳೆಯುತ್ತಲೇ ಇರುತ್ತಾರೆ, ಬಿಡುವುದನ್ನು ಮರೆಯುತ್ತಾರೆ. ಮುಖ ನೀರೊಳಗಿದ್ದಾಗ ಗುಳ್ಳೆ ಬಿಡುತ್ತಲೇ ಇರಿ. ಅಲೆ ಬಲದಿಂದ ಬರುತ್ತಿದ್ದರೆ ಎಡಕ್ಕೆ ತಿರುಗಿ ಉಸಿರೆಳೆಯಿರಿ. ಎರಡೂ ಬದಿ ರೂಢಿ ಮಾಡಿಕೊಳ್ಳಿ ಅನ್ನುವುದು ಇದಕ್ಕೇ. ಏಳೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣಷ್ಟೇ ನೀರಿನ ಮೇಲೆತ್ತಿ ದಾರಿ ನೋಡಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ತೇಲಿಬಿಟ್ಟ ಗುರುತಿನ ಬಲೂನು ಅಲೆಗಳ ನಡುವೆ ಕಾಣುವುದಿಲ್ಲ. ಅದಕ್ಕೆ ದಡದಲ್ಲಿ ನಿಂತಾಗಲೇ ಬಲೂನಿನ ಹಿಂದೆ ಏನಿದೆ ನೋಡಿಟ್ಟುಕೊಳ್ಳಿ: ಒಂದು ಗುಡ್ಡದ ತುದಿ, ಒಂದು ದ್ವೀಪ. ವಾಪಸು ಬರುವಾಗ ದಡದ ಮೇಲಿನ ಎತ್ತರದ ಕಟ್ಟಡ ಸಾಕು.

ಎದೆ ಬಿಗಿದಂತಾದರೆ ಅಂಗಾತ ತೇಲಿ. ಕೈ ಎತ್ತಿದರೆ ಕಾವಲಿನ ಪುಟ್ಟ ದೋಣಿ, ಕಯಾಕ್, ಬರುತ್ತದೆ. ಅದನ್ನು ಹಿಡಿದು ನಿಂತರೆ ಸಾಮಾನ್ಯವಾಗಿ ಸ್ಪರ್ಧೆಯಿಂದ ಹೊರಹಾಕುವುದಿಲ್ಲ, ಹಿಡಿದುಕೊಂಡೇ ಮುಂದೆ ಸಾಗಬಾರದು ಅಷ್ಟೇ. ಎದೆ ನೋವೇ ಬಂದರೆ ಸ್ಪರ್ಧೆ ಅಲ್ಲಿಗೇ ಬಿಡಿ.

ಈಜು ಕನ್ನಡಕದ ಪಟ್ಟಿ ಈಜು ಟೋಪಿಯ ಒಳಗಿರಲಿ, ಕಿತ್ತುಕೊಂಡು ಹೋಗುವುದಿಲ್ಲ. ಫುಟ್‌ಪಾತಿನ ಅಗ್ಗದ ಕನ್ನಡಕ ಬೇಡ, ಅದರೊಳಗೆ ಉಪ್ಪುನೀರು ಸೇರಿದರೆ ಕಣ್ಣು ಬಿಡಲಾಗುವುದಿಲ್ಲ. ಕತ್ತು, ಕಂಕುಳಿಗೆ ವ್ಯಾಸಲಿನ್ ಹಚ್ಚಿ.

ಹಂತ 4: ನೀರಿನಿಂದ ಸೈಕಲ್‌ಗೆ

ಮೊದಲು ಹೆಲ್ಮೆಟ್ ಹಾಕಿ ಬಕಲ್ ಬಿಗಿಯಿರಿ, ಆಮೇಲೆ ಸೈಕಲ್ ಮುಟ್ಟಿ. ತಪ್ಪಿದರೆ ದಂಡ. ಬರಿಮೈಯಲ್ಲಿ ಸೈಕಲ್ ಹತ್ತಬೇಡಿ, ಇಯರ್‌ಫೋನ್ ಮನೆಯಲ್ಲೇ ಇರಲಿ. ಸಾಕ್ಸ್ ಬಿಟ್ಟು ಸಮಯ ಉಳಿಸಿ ಅನ್ನುವವರ ಮಾತು ಕೇಳಬೇಡಿ, ಒದ್ದೆ ಕಾಲಿಗೆ ಮರಳು ಸೇರಿ ಬೊಬ್ಬೆ ಏಳುತ್ತದೆ. ಆದರೆ ಕಟ್ಟುವ ಲೇಸ್ ಬದಲು ಎಲಾಸ್ಟಿಕ್ ಲೇಸ್ ಹಾಕಿ. ಅದೊಂದು ಶಾರ್ಟ್‌ಕಟ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹಂತ 5: ಏರು, ಇಳಿಜಾರು

ಅಭ್ಯಾಸಕ್ಕೆ ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ಗದಗಿನವರಿಗೆ ಕಪ್ಪತಗುಡ್ಡದ ಕಡೆಯ ರಸ್ತೆಗಳು. ಯಲ್ಲಾಪುರ-ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಬೇಡ, ಲಾರಿ ಜಾಸ್ತಿ. ಗೇರ್ ಅನ್ನು ಏರು ಶುರುವಾಗುವ ಮೊದಲೇ ಇಳಿಸಿ. ಅರ್ಧ ಏರಿದ ಮೇಲೆ ಬದಲಿಸಲು ಹೋದರೆ ಚೈನು ಬೀಳುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯಿರಿ, ತಿರುವಿನೊಳಗೆ ಅಲ್ಲ. ಸೀಟಿನ ಮೇಲೆ ಹಾಕುವ ಜೆಲ್ ಕವರ್ ಸುಮ್ನೆ ದುಡ್ಡು ದಂಡ, ಏರಿನಲ್ಲಿ ಜಾರುತ್ತದೆ.

ಹಂತ 6: ಓಟ

ಸೈಕಲ್ ಇಳಿದಾಗ ಕಾಲು ನಿಮ್ಮದಲ್ಲ ಅನಿಸುತ್ತದೆ. ಮೊದಲ ಕಿಲೋಮೀಟರ್ ನಿಧಾನವಾಗಿ ಓಡಿ. ಮನೆಯಲ್ಲಿದ್ದಾಗಲೂ ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಮೈ ಬಿಸಿಯಾಗುತ್ತಲೇ ಹೋಗುತ್ತದೆ. ನೀರಿನ ಜೊತೆ ಓಆರ್‌ಎಸ್ ಇರಲಿ.

ಊಟದ ಬಗ್ಗೆ ಒಂದು ಮಾತು. ಕಡಲ ದಡದ ಊರಿಗೆ ಹೋಗಿದ್ದೇವೆ ಅಂತ ಹಿಂದಿನ ರಾತ್ರಿ ಖಾರದ ಮೀನೂಟ ಬೇಡ. ಬೆಳಿಗ್ಗೆ ಜೋಳದ ರೊಟ್ಟಿಯೂ ಬೇಡ, ನಾರು ಜಾಸ್ತಿ. ಎರಡು ತಾಸು ಮೊದಲು ಅವಲಕ್ಕಿ, ಬಾಳೆಹಣ್ಣು ಸಾಕು. ಮೀನು ಮಧ್ಯಾಹ್ನ ತಿನ್ನಿ, ಆದರೆ ಅದಕ್ಕೂ ಮುಂಚೆ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡಿ. ಊರಿಗೆ ಬಂದು ತೊಳೆಯೋಣ ಅಂದರೆ ಅಷ್ಟರಲ್ಲಿ ತುಕ್ಕು ಶುರುವಾಗಿರುತ್ತದೆ.