ಬಯಲುಸೀಮೆಯ ಸೇಬು: ಎಲೆ ಕೀಳದೆ ಹೂವಿಲ್ಲ

ಸೇಬಿನ ಗಿಡ ನೆಟ್ಟು, ಎಲೆ ದಟ್ಟವಾಗಿ ಬಂತೆಂದು ಖುಷಿಪಟ್ಟು, ನಾಲ್ಕು ವರ್ಷವಾದರೂ ಹೂವಿಲ್ಲ ಎಂದು ನರ್ಸರಿಯವರಿಗೆ ಬೈಯುವವರು ಬೇಕಾದಷ್ಟು ಜನ. ಆ ದಟ್ಟ ಎಲೆಯೇ ತೊಂದರೆ.

ಕಾಶ್ಮೀರ, ಹಿಮಾಚಲದ ಮಾಮೂಲಿ ಸೇಬಿಗೆ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ ಬೇಕು. ಕೋಲಾರದಲ್ಲಿ ಅದೆಲ್ಲಿ ಸಿಗಬೇಕು? ಹಾಗಾಗಿ ಕಡಿಮೆ ಚಳಿಯ ತಳಿಯನ್ನೇ ತನ್ನಿ: ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99. ಅನ್ನಾ ಒಂಟಿಯಾಗಿದ್ದರೆ ಕಾಯಿ ಕಡಿಮೆ, ಪಕ್ಕದಲ್ಲಿ ಡಾರ್ಸೆಟ್ ಇರಲಿ. ಕೆಂಪು ಹಣ್ಣಿನ ಫೋಟೊ ನೇತುಹಾಕಿ ತಳಿಯ ಹೆಸರೇ ಹೇಳದೆ ಮಾರುವ ಗಿಡ ಬೇಡ. ತಿಂದ ಹಣ್ಣಿನ ಬೀಜ ಹಾಕುವುದಂತೂ ಸುಮ್ನೆ ಕಾಲಹರಣ.

ನೆಡುವುದು ಸುಲಭ. ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ನೀರು ನಿಲ್ಲದ ಜಾಗ. ಕಸಿಯ ಗಂಟು ಮಣ್ಣಿನ ಮೇಲಿರಲಿ.

ಎರಡು ವರ್ಷ ತುಂಬಿದ ಮೇಲೆ ನಿಜವಾದ ಕೆಲಸ: ಎಲೆ ತೆಗೆಯುವುದು. ಜಾವಾ ದ್ವೀಪದ ಬಾಟು ಎಂಬಲ್ಲಿ ಚಳಿಗಾಲವೇ ಇಲ್ಲ. ಆದರೂ ಅಲ್ಲಿನ ರೈತರು ಕೊಯ್ಲಾಗಿ ಒಂದು ತಿಂಗಳೊಳಗೆ ಎಲೆಯನ್ನೆಲ್ಲ ಕೈಯಲ್ಲೇ ತೆಗೆದು ವರ್ಷಕ್ಕೆರಡು ಬೆಳೆ ಪಡೆಯುತ್ತಾರೆ. ಮೊಗ್ಗು ಒಡೆಯದಂತೆ ತಡೆಯುವುದು ಎಲೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಎಲೆ ಹೋದರೆ ಚಳಿ ಸಾಲದಿದ್ದರೂ ಅದು ಒಡೆಯುತ್ತದೆ.

ನಮ್ಮಲ್ಲಿ ಡಿಸೆಂಬರ್ ಮೊದಲ ವಾರ ನೀರು ನಿಲ್ಲಿಸಿ. ಎರಡು-ಮೂರು ವಾರ ಬಿಟ್ಟು ಕೊಂಬೆಯ ತುದಿ ನೋಡಿ. ಇನ್ನೂ ಎಳೆ ಚಿಗುರಿದೆಯಾ? ಕಾಯಿರಿ. ಈಗ ಕಿತ್ತರೆ ಮತ್ತೆ ಎಲೆಯೇ ಬರುತ್ತದೆ. ಬೆಳವಣಿಗೆ ನಿಂತು, ಎಲೆ ಒರಟಾಗಿ, ತುದಿಯಲ್ಲಿ ದಪ್ಪ ಮೊಗ್ಗು ಕೂತಿದ್ದರೆ ಶುರುಮಾಡಿ. ಎಲೆ ಹಿಡಿದು ಕೆಳಕ್ಕೆ ಜಗ್ಗಬೇಡಿ, ತೊಗಟೆ ಸೀಳಿ ಮೊಗ್ಗೂ ಕಿತ್ತು ಬರುತ್ತದೆ. ಕತ್ತರಿಯಿಂದ ಎಲೆಯನ್ನಷ್ಟೇ ಕತ್ತರಿಸಿ, ತೊಟ್ಟು ಬಿಡಿ. ಅದು ಒಣಗಿ ತಾನೇ ಉದುರುತ್ತದೆ. ಪಾಪ ಅಂತ ತುದಿಯಲ್ಲಿ ನಾಲ್ಕು ಎಲೆ ಉಳಿಸುವವರಿದ್ದಾರೆ. ಉಳಿಸಬೇಡಿ, ಗಿಡ ಬೋಳಾಗಲಿ.

ಅದೇ ದಿನ ನೆಟ್ಟಗೆ ನಿಂತ ಕೊಂಬೆಗಳನ್ನು ಮೆಲ್ಲಗೆ ಬಗ್ಗಿಸಿ ಸೆಣಬಿನ ಹುರಿಯಿಂದ ಕಟ್ಟಿ. ನೆಟ್ಟಗಿದ್ದರೆ ತುದಿಯ ಮೊಗ್ಗು ಮಾತ್ರ ಒಡೆಯುತ್ತದೆ, ಬಗ್ಗಿದರೆ ಉದ್ದಕ್ಕೂ ಒಡೆಯುತ್ತದೆ. ತಂತಿ ಬೇಡ, ತೊಗಟೆ ಕೊಯ್ಯುತ್ತದೆ. ಆಮೇಲೆ ಗೊಬ್ಬರ ಕೊಟ್ಟು ಬುಡ ನೆನೆಯುವಷ್ಟು ನೀರು ಬಿಡಿ.

ದಾಳಿಂಬೆ ತೋಟದವರು ಎಲೆ ಉದುರಿಸಲು ಇಥ್ರೆಲ್ ಎಂಬ ರಾಸಾಯನಿಕ ಹೊಡೆಯುತ್ತಾರೆ, ಅದೇ ಸಾಕಲ್ವಾ ಎಂದು ಕೇಳುತ್ತಾರೆ. ಹಿತ್ತಲಿನ ಎರಡು ಗಿಡಕ್ಕೆ ಯಾಕೆ? ಪ್ರಮಾಣ ಜಾಸ್ತಿಯಾದರೆ ಗಿಡ ಸೊರಗುತ್ತದೆ. ಮೊಗ್ಗು ಒಡೆಯಲೆಂದು ದ್ರಾಕ್ಷಿಗೆ ಬಳಿಯುವ ಹೈಡ್ರೋಜನ್ ಸೈನಮೈಡ್ ವಿಷ. ಮನೆ ಹತ್ತಿರ ತರಲೇಬೇಡಿ.

ಕಾಯಿ ಗೋಲಿಯಷ್ಟಾದಾಗ ಗೊಂಚಲಿಗೆ ಒಂದು ಉಳಿಸಿ. ಅಳಿಲಿಗೆ ಬಲೆ ಕಟ್ಟಿ. ಮೇ-ಜೂನ್ ಹೊತ್ತಿಗೆ ಹಣ್ಣು. ನಮ್ಮ ರಾತ್ರಿಗಳು ಬೆಚ್ಚಗಿರುವುದರಿಂದ ಅಂಗಡಿ ಸೇಬಿನ ಕೆಂಪು ಬರುವುದಿಲ್ಲ. ಅದಕ್ಕೆ ಕಾದು ಕೂತರೆ ತಿರುಳು ಹಿಟ್ಟಾಗುತ್ತದೆ. ಸಿಪ್ಪೆಯ ಹಸಿರು ಹಳದಿಗೆ ತಿರುಗಿದ ಕೂಡಲೇ ಕೊಯ್ದು ಫ್ರಿಜ್‌ನಲ್ಲಿಡಿ.